ಮೂರಕ್ಷರದ ಫ್ರಿಜ್ಜು

ಸುಮಿಯಾತಿ ವಿಮಾನ ಹತ್ತಿ ಎರಡು ದಿನ ಕೂಡ ಆಗಿರಲಿಲ್ಲ, ಇನ್ಶಿರಾಹಳ ಮನೆಯವರಿಗೆಲ್ಲ ಕೈ ತುರಿಸತೊಡಗಿತು.

ಕೈರೋದ ಹತ್ತನೇ ಬಡಾವಣೆಯ ಆ ನಾಲ್ಕಂತಸ್ತಿನ ಕಟ್ಟಡ ಇನ್ಶಿರಾಹಳ ಗಂಡ ಅಬ್ದ್ರಬ್ಬೊನದು. ಎರಡನೇ ಅಂತಸ್ತಿನಲ್ಲಿ ಅವರ ಸಂಸಾರ. ಮೂರನೆಯದರಲ್ಲಿ ಹನ್ನೆರಡು ವರ್ಷದಿಂದ ಇಂಡೊನೇಷ್ಯಾದ ಹುಡುಗಿಯರು. ಓದಲು ಬರುತ್ತಾರೆ, ನಾಲ್ಕು ವರ್ಷ ಇರುತ್ತಾರೆ, ಪರೀಕ್ಷೆ ಮುಗಿದ ಜೂನ್ ತಿಂಗಳಲ್ಲಿ ಎರಡೆರಡು ಪೆಟ್ಟಿಗೆ ಹಿಡಿದು ಹೊರಡುತ್ತಾರೆ. ವಿಮಾನದಲ್ಲಿ ಅದಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. ಉಳಿದದ್ದನ್ನು ಮೊದಲೆಲ್ಲ ಮೆಟ್ಟಿಲ ಮೇಲೇ ಬಿಟ್ಟು ಹೋಗುತ್ತಿದ್ದರು. ಸೀಗಡಿ ಗೊಜ್ಜಿನ ಡಬ್ಬಿ ಬಿಸಿಲಿಗೆ ಉಬ್ಬಿ ಒಡೆದು, ಅದರ ರಸ ಒಂದೊಂದೇ ಮೆಟ್ಟಿಲಿಳಿದು ಬಾಗಿಲಿಗೆ ಬರುತ್ತಿತ್ತು. ಅದರ ಹಿಂದೆ ನೊಣ. 'ರೋಬಾಬೀಕ್ಯಾ' ಎಂದು ಕೂಗುತ್ತ ಕತ್ತೆಗಾಡಿಯಲ್ಲಿ ಬರುವ ಹಳೇ ಸಾಮಾನಿನವನು ಒಳ್ಳೆಯದನ್ನೆಲ್ಲ ಎತ್ತಿಕೊಂಡು ಕೊಳಕನ್ನು ಅಲ್ಲೇ ಬಿಡುತ್ತಿದ್ದ. ಸೆಪ್ಟೆಂಬರಿನಲ್ಲಿ ಹೊಸ ಹುಡುಗಿಯರು ಬಂದರೆ ಬರಿ ನೆಲವೇ ಗತಿ; ನೀರು ಕಾಯಿಸಲು ಒಂದು ಪಾತ್ರೆಗೂ ದಿಕ್ಕಿರಲಿಲ್ಲ.

ನೋಡಿ ನೋಡಿ ಇನ್ಶಿರಾಹಳಿಗೆ ಹೇಸಿಗೆ ಹತ್ತಿತು. ಐದು ವರ್ಷದ ಹಿಂದೆ ಆಕೆಯೇ ಹುಡುಗಿಯರನ್ನು ಕೂರಿಸಿ ಬೈದು ಒಂದು ಪದ್ಧತಿ ಮಾಡಿದಳು. ತಿನ್ನುವುದನ್ನು ತಿಂದು ಮುಗಿಸಬೇಕು, ಇಲ್ಲವೇ ಎಸೆಯಬೇಕು. ಬಾಳುವ ಸಾಮಾನನ್ನು ತೊಳೆದು ಒಳಕೋಣೆಯಲ್ಲಿ ಜೋಡಿಸಬೇಕು. ಬೀಗ ಆಕೆ ಹಾಕುತ್ತಾಳೆ. ಮುಂದೆ ಬರುವ ಹುಡುಗಿಯರಿಗೆ ಆಕೆಯೇ ತೆಗೆದು ಕೊಡುತ್ತಾಳೆ.

ಈ ಸಲ ಹೊರಟವರಲ್ಲಿ ಸುಮಿಯಾತಿ ಹಿರಿಯಳು. ಈ ಹುಡುಗಿಯರ ಅರಬ್ಬಿ ಪುಸ್ತಕದ ಅರಬ್ಬಿ. ಬಾಯಿ ತೆರೆದರೆ ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ. ಇನ್ಶಿರಾಹಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ಎಲ್ಲ ಸಾಮಾನಿಗೂ ಅವಳು ಒಂದೊಂದು ಕಾಗದ ಅಂಟಿಸಿದ್ದಳು. ಕಾಗದದ ಮೇಲೆ ದಪ್ಪಗೆ ಮೂರೇ ಅಕ್ಷರ: ವ, ಕ, ಫ.

"ಮಾನ್ಯ ಖಾಲಾ, ಈ ಸಮಸ್ತ ವಸ್ತುಗಳನ್ನು ನಾವು ವಕ್ಫ್ ಮಾಡಿರುತ್ತೇವೆ. ಮುಂದೆ ಆಗಮಿಸುವ ಸೋದರಿಯರ ಉಪಯೋಗಕ್ಕಾಗಿ. ತಾವು ಇದರ ಕಾವಲನ್ನು ವಹಿಸಿಕೊಳ್ಳುವಿರಾ?"

"ವಹಿಸ್ಕೊಳ್ದೆ ಏನಮ್ಮ? ಹೊಣೆ ನನ್ನ ಕುತ್ತಿಗೆಗಿರ್ಲಿ. ಒಂದು ಚಮಚ ಕಮ್ಮಿಯಾದ್ರೂ ನನ್ನ ಕುತ್ತಿಗೆ ಹಿಡಿ."

"ಛೆ, ತಮ್ಮ ಕುತ್ತಿಗೆಯನ್ನು ನಾನೇಕೆ ಹಿಡಿಯಲಿ?" ಎಂದು ಆ ಹುಡುಗಿ ಗಾಬರಿಯಾದಳು.

ಫ್ರಿಜ್ಜು, ನಿಲ್ಲಿಸುವ ಫ್ಯಾನು, ಇಸ್ತ್ರಿಪೆಟ್ಟಿಗೆ, ಅನ್ನ ಮಾಡುವ ವಿದ್ಯುತ್ ಪಾತ್ರೆ, ನಾಲ್ಕು ದಿಂಬು, ತಟ್ಟೆ ಲೋಟ, ಗಂಟು ಹಾಕಿದ ಬಟ್ಟೆಯ ಚೀಲಗಳು. ಫ್ರಿಜ್ಜು ಹೊಸದರಂತೆ ಇತ್ತು. ನಾಲ್ವರು ಹುಡುಗಿಯರೂ ಊಟ ಬಿಟ್ಟು ದುಡ್ಡು ಉಳಿಸಿ ತಂದದ್ದು. ಮೂಲೆಯಲ್ಲೊಂದು ಕರಿಕಲ್ಲಿನ ಒರಳು. ತಟ್ಟೆಯಷ್ಟು ಅಗಲ, ಜೊತೆಗೊಂದು ಬಾಗಿದ ಗುಂಡುಕಲ್ಲು. ಅದಕ್ಕೆ ಕಾಗದ ಅಂಟಿಸಿರಲಿಲ್ಲ. ಬೀಗ ಹಾಕುವ ಮೊದಲು ಇನ್ಶಿರಾಹ್ ಅದನ್ನು ಸೊಂಟಕ್ಕಿಟ್ಟುಕೊಂಡು ಕೆಳಗಿಳಿದಳು. ಬೆಳ್ಳುಳ್ಳಿ ಜಜ್ಜಲು ಚೆನ್ನಾಗಿತ್ತು. ಬೀಗದಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು.

ಮೊದಲು ಕೇಳಿದವಳು ಅತ್ತೆ ನಬವಿಯ್ಯ. ಎಂಬತ್ತು ದಾಟಿದ ಮುದುಕಿ, ಕಣ್ಣು ಮುಕ್ಕಾಲು ಮಂಜು. ದಿನಕ್ಕೊಮ್ಮೆ ಹಾಕುವ ಕಣ್ಣಿನ ಹನಿ ಫ್ರಿಜ್ಜಿನಲ್ಲೇ ಇರಬೇಕು. ಕಣ್ಣು ಹೋದಷ್ಟೂ ಕಿವಿ ಚುರುಕಾಗಿತ್ತು.

"ಇನ್ಶಿರಾಹ್, ಅಡಿಗೆಮನೇಲಿ ಅದೇನೇ ಹೊಸ ಸದ್ದು? ನಮ್ಮ ಹಿತ್ತಾಳೆ ಕುಟ್ಟಾಣಿ ಸದ್ದಲ್ಲ ಅದು."

"ಸದ್ದು ಕಟ್ಕೊಂಡು ನಿಮಗೇನಾಗ್ಬೇಕು ಅತ್ತೆ? ಬೆಳ್ಳುಳ್ಳಿ ಘಮಘಮ ಅಂತಿದೆ, ತಿನ್ನಿ."

"ತಿಂತೀನಿ ಬಿಡು. ಮೇಲ್ಗಡೆ ನಾಲ್ಕು ದಿಂಬು ಸುಮ್ನೆ ಬಿದ್ದಿವೆಯಂತೆ. ನನ್ನ ಕುತ್ತಿಗೆ ಹಲಗೆ ಆಗೋಗಿದೆ. ಒಂದು ಕೊಡೇ."

"ಅವು ವಕ್ಫು, ಅತ್ತೆ."

"ದಿಂಬು ಕೂಡ ವಕ್ಫಾ? ಮಸೀದಿನಾ ಅದು, ದಿಂಬು!"

ಎಂಟು ದಿನ ಮುದುಕಿ ನರಳಿದಳು. ಊಟಕ್ಕೆ ಕೂತರೆ ನರಳಾಟ, ಎದ್ದರೆ ನರಳಾಟ. ಒಂಬತ್ತನೇ ದಿನ ಇನ್ಶಿರಾಹ್ ರೋಸಿ ಹೋಗಿ ಒಂದು ದಿಂಬು ತಂದು ಅತ್ತೆಯ ತಲೆಗಿಟ್ಟಳು. ಅಷ್ಟೇ ಸಾಕಾಯಿತು. ಒಂದು ದಿಂಬು ಹೊರಬಂದ ಬಾಗಿಲಲ್ಲಿ ಫ್ಯಾನು ಯಾಕೆ ಬರಬಾರದು?

"ಸೆಖೆ ಕಣೇ ಹುಸಾಮನಮ್ಮ," ಎಂದ ಅಬ್ದ್ರಬ್ಬೊ, ಹೆಂಡತಿಯನ್ನು ಮಗನ ಹೆಸರು ಹಿಡಿದು ಕರೆಯುತ್ತ. ಅವನು ಸರ್ಕಾರಿ ಗೋದಾಮಿನಿಂದ ನಿವೃತ್ತನಾದವನು. ಬೆಳಿಗ್ಗೆಯಿಂದ ಬನಿಯನ್ನಿನಲ್ಲಿ ಕೂತು ಸಿಗರೇಟು ಸೇದುವುದೇ ಈಗಿನ ಉದ್ಯೋಗ. "ಎರಡು ದಿನಕ್ಕೆ ಅಷ್ಟೇ. ಸುಮ್ನೆ ನಿಂತಿದ್ರೆ ಫ್ಯಾನು ತುಕ್ಕು ಹಿಡಿಯುತ್ತೆ. ತಿರುಗಿಸಿದ್ರೆ ಆ ಹುಡುಗೀರಿಗೇ ಒಳ್ಳೇದು."

"ಅವರ ಮೇಲೆ ಎಷ್ಟು ಪ್ರೀತಿ ನೋಡು ನಿಮಗೆ! ನೀವೂ ಕೂತು ಕೂತು ತುಕ್ಕು ಹಿಡಿದಿದ್ದೀರಿ. ಯಾರನ್ನ ಕರೆಸಿ ತಿರುಗಿಸ್ಲಿ?"

ಮಗಳು ಅಬೀರ್ ಕಿಸಕ್ಕನೆ ನಕ್ಕಳು. ನಕ್ಕವಳು ಮಾರನೇ ದಿನ ತಾನೇ ಕೇಳಿದಳು: "ಅಮ್ಮಾ, ನಮ್ಮ ಇಸ್ತ್ರಿಪೆಟ್ಟಿಗೆ ಬಟ್ಟೆ ಸುಡುತ್ತೆ. ಅವರದ್ದು ಹಬೆ ಬಿಡೋದಂತೆ..."

ಇನ್ಶಿರಾಹ್ ಬಯ್ದಳು. ಬಯ್ದು, ಕೊಟ್ಟಳು. ಫ್ಯಾನನ್ನೂ ಕೊಟ್ಟಳು. 'ಸೆಪ್ಟೆಂಬರಿಗೆ ಮೊದಲು ಎಲ್ಲ ವಾಪಸು ಮೇಲೆ ಹೋಗಬೇಕು' ಎಂದು ಮೂವರಿಂದಲೂ ಆಣೆ ಹಾಕಿಸಿಕೊಂಡಳು. ಆ ಮನೆಯಲ್ಲಿ ಆಣೆಗೇನು ಬರವಿರಲಿಲ್ಲ.

ಜುಲೈ ಕೊನೆಗೆ ಮಗ ಹುಸಾಮನ ಮದುವೆಯ ಸಾಮಾನಿನ ಮಾತು ಬಂತು. ಹುಡುಗಿ ಶುಬ್ರಾದ ರಿಹಾಬ್. ಅಡಿಗೆಮನೆಯ ಪಾತ್ರೆಪಗಡವೆಲ್ಲ ಹೆಣ್ಣಿನ ಕಡೆಯದು, ಫ್ರಿಜ್ಜು ಗಂಡಿನ ಕಡೆಯದು ಎಂದು ಮಾತಾಗಿತ್ತು. ಎಲ್ಲವನ್ನೂ ಪಟ್ಟಿ ಬರೆದು, 'ಇವು ನನ್ನ ಹೆಂಡತಿಯ ಸೊತ್ತು' ಎಂದು ಗಂಡು ರುಜು ಹಾಕಬೇಕು. ಹುಸಾಮ್ ಮೊಬೈಲ್ ರಿಪೇರಿ ಅಂಗಡಿಯವನು. ಕೈಯಲ್ಲಿದ್ದದ್ದೆಲ್ಲ ಸೋಫಾಕ್ಕೆ, ಗಿಲೀಟಿನ ಕನ್ನಡಿಗೆ ಸುರಿದು ಬರಿಗೈಯಾಗಿ ಕೂತಿದ್ದ. ಊಟದ ನಡುವೆ, ರೊಟ್ಟಿ ಮುರಿಯುತ್ತ ಕೇಳಿದ:

"ಅಮ್ಮಾ, ಮೇಲಿನ ಆ ಕೆಟ್ಟ ಫ್ರಿಜ್ಜು ಏನ್ ಮಾಡ್ತೀಯ?"

"ಯಾವ ಕೆಟ್ಟ ಫ್ರಿಜ್ಜು?"

"ಅದೇ, ಆ ಹುಡುಗಿ ಬರೆದು ಅಂಟಿಸಿದ್ದಾಳಲ್ಲ. ವ, ಕ, ಫ. ವಕಫ್. ನಿಂತುಹೋಗಿದೆ ಅಂತ."

ಇನ್ಶಿರಾಹಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮೂರೂ ಅಕ್ಷರ ಅವೇ; ಅರಬ್ಬಿಯಲ್ಲಿ ಗಿಡ್ಡ ಸ್ವರಗಳನ್ನು ಬರೆಯುವುದಿಲ್ಲ. 'ವಕ್ಫ್' ಎಂದು ಓದಿದರೆ ದೇವರ ಹೆಸರಿಗೆ ಬಿಟ್ಟದ್ದು. ಮಾರುವಂತಿಲ್ಲ, ಕೊಳ್ಳುವಂತಿಲ್ಲ, ತನ್ನದೆನ್ನುವಂತಿಲ್ಲ. 'ವಕಫ್' ಎಂದು ಓದಿದರೆ ನಿಂತಿತು, ಕೆಟ್ಟಿತು.

"ಹೌದಲ್ವಾ!" ಎಂದ ಅಬ್ದ್ರಬ್ಬೊ, ಚಿನ್ನದ ಗಣಿ ಸಿಕ್ಕವನಂತೆ. "ಕೆಟ್ಟದ್ದನ್ನ ಎಸೆಯೋದು ಎಲ್ಲಿ ಅಂತ ಬಿಟ್ಟು ಹೋಗಿದ್ದಾಳೆ. ಪಾಪದ ಹುಡುಗಿ."

"ಫ್ಯಾನಿನ ಮೇಲೂ ಅದನ್ನೇ ಬರೆದಿದ್ದಾಳೆ. ನಿಮ್ಮ ಬೆನ್ನಿಗೆ ಗಾಳಿ ಬರ್ತಿಲ್ವಾ ಈಗ?"

"ನಿಂತಿತ್ತು. ದೇವರ ದಯೆ, ಮತ್ತೆ ತಿರುಗ್ತಾ ಇದೆ."

"ದಿಂಬಿನ ಮೇಲೂ ಬರೆದಿದ್ದಾಳೆ! ದಿಂಬು ಎಲ್ಲಿಗೆ ಹೋಗ್ತಿತ್ತು ನಿಂತ್ಕೊಳ್ಳೋಕೆ?"

ಅಬೀರ್ ನೀರು ಕುಡಿಯುತ್ತಿದ್ದವಳು ನೆತ್ತಿಗೆ ಹತ್ತಿಸಿಕೊಂಡಳು. ಹುಸಾಮ್ ಮಾತ್ರ ಬಿಡಲಿಲ್ಲ. "ನಾನು ಓದಿದ ಹಾಗೆ ಓದಿದೆ ಅಮ್ಮ. ಅಕ್ಷರದ ಮೇಲೆ ಗುರುತು ಹಾಕಿಲ್ಲ, ನನ್ನ ತಪ್ಪಾ?"

"ಎಲೈ ಡಿಪ್ಲೊಮಾ! ನಾನು ಹಳ್ಳಿ ಶಾಲೇಲಿ ಎಂಟನೇ ಕ್ಲಾಸಿಗೆ ಬಿಟ್ಟೋಳು, ನನಗೆ ಗೊತ್ತು. ಫ್ರಿಜ್ಜು ಹೆಣ್ಣು ಕಣೋ ನಮ್ಮ ಭಾಷೇಲಿ! ಗಂಡು ನಿಂತ್ರೆ ವಕಫ್, ಹೆಣ್ಣು ನಿಂತ್ರೆ ವಕಫತ್. ಬಾಲಕ್ಕೊಂದು 'ತ' ಬೇಕು. ಎಲ್ಲಿದೆ ಆ 'ತ'? ನುಂಗಿಬಿಟ್ಯಾ ಅದನ್ನೂ?"

"ಅವಳು ಪರದೇಶದೋಳು. ವ್ಯಾಕರಣ ತಪ್ಪಿರ್ಬೇಕು."

"ಅವಳು ಅದೇ ವ್ಯಾಕರಣ ಓದೋಕೆ ಸಮುದ್ರ ದಾಟಿ ಬಂದೋಳು! ಥೂ. ಕದಿಯೋದಾದ್ರೆ ಕದಿ, ಕಳ್ಳ ಅಂತೀನಿ. ಅಕ್ಷರದ ಹೊಟ್ಟೆ ಸೀಳಿ ಧರ್ಮ ತೆಗೀಬೇಡ."

ತಟ್ಟೆ ಅಲ್ಲೇ ಬಿಟ್ಟು ಎದ್ದಳು. ಹಿಂದೆ ಮೂವರೂ ಊಟ ಮುಂದುವರಿಸಿದ ಸದ್ದು ಕೇಳಿಸಿತು.

ಆಗಸ್ಟ್ ಎರಡನೇ ವಾರ ಬನ್ಹಾದಲ್ಲಿ ಇನ್ಶಿರಾಹಳ ಅಕ್ಕನ ಗಂಡ ತೀರಿಕೊಂಡ. ಮೂರು ದಿನ ಅಲ್ಲಿರಬೇಕಾಯಿತು. ಸಾವಿನ ಮನೆಯ ಜನಜಂಗುಳಿಯಲ್ಲಿ ಬೀಗದಕೈ ಕಳೆದೀತೆಂದು ಅದನ್ನು ಅತ್ತೆಯ ಕೈಗೆ ಕೊಟ್ಟಳು. ಹಜ್ ಮಾಡಿ ಬಂದ ಹೆಂಗಸು, ನಾಳೆಯೋ ನಾಡಿದ್ದೋ ದೇವರ ಮುಂದೆ ನಿಲ್ಲಬೇಕಾದವಳು ಎಂದು ನಂಬಿದಳು.

ಬುಧವಾರ ತಿರುಗಿ ಬಂದಾಗ ಮೊದಲು ಮೂರನೇ ಅಂತಸ್ತಿಗೇ ಹೋದಳು. ಒಳಕೋಣೆಯ ಬಾಗಿಲು ಹಾರು ಹೊಡೆದಿತ್ತು. ನೆಲದ ತುಂಬ ಹರಿದ ಕಾಗದದ ಚೂರು. ಹುಡುಗಿಯರು ಗಂಟು ಹಾಕಿಟ್ಟ ಚೀಲಗಳನ್ನು ಒಂದೂ ಬಿಡದೆ ಬಿಚ್ಚಿ ಕೆದಕಿದ್ದರು. ತಲೆವಸ್ತ್ರ, ಕಾಲುಚೀಲ, ಹೊರಗೆ ಒಣಹಾಕಲೂ ನಾಚುತ್ತಿದ್ದ ಒಳಉಡುಪು, ಎಲ್ಲ ಕಸದಂತೆ ಬಿದ್ದಿತ್ತು. ತೊಳೆದು ಬೋರಲು ಹಾಕಿದ್ದ ಅನ್ನದ ಪಾತ್ರೆಯಲ್ಲಿ ಸಿಗರೇಟಿನ ಬೂದಿ, ನಾಲ್ಕು ತುಂಡು, ಒಂದು ಉಗುಳು. ಗೋಡೆಯ ಬಳಿ ಫ್ರಿಜ್ಜು ನಿಂತಿದ್ದ ಕಡೆ ಚೌಕಾಕಾರದ ಧೂಳು.

ಇನ್ಶಿರಾಹ್ ಬಟ್ಟೆಗಳನ್ನು ಒಂದೊಂದಾಗಿ ಮಡಿಸಿ, ಪಾತ್ರೆಯನ್ನು ಮೂರು ಸಲ ಸೋಪು ಹಾಕಿ ತಿಕ್ಕಿ ಕೆಳಗಿಳಿದಳು.

ಫ್ರಿಜ್ಜು ಅವರ ಹಜಾರದಲ್ಲೇ ಇತ್ತು. ಬಾಗಿಲಿಗೆ ಹೂವಿನ ಚಿತ್ರ ಅಂಟಿಸಿ, ಇಡೀ ಮೈಗೆ ಮಿರುಗುವ ಕಾಗದ ಸುತ್ತಿ, ಎದೆಗೆ ಕೆಂಪು ರಿಬ್ಬನ್ನು ಕಟ್ಟಿ ಮದುಮಗಳ ಹಾಗೆ ನಿಲ್ಲಿಸಿದ್ದರು.

"ಅತ್ತೆ, ಬೀಗದಕೈ ಯಾಕ್ ಕೊಟ್ರಿ?"

"ಮೊಮ್ಮಗ ಕೇಳ್ದ, ಕೊಟ್ಟೆ. ಅವನೇನು ದಾರೀಲಿ ಹೋಗೋನಾ?"

"ನಾಳೆ ಗುರುವಾರ," ಎಂದ ಅಬ್ದ್ರಬ್ಬೊ, ಹೆಂಡತಿಯ ಮುಖ ನೋಡದೆ. "ಬೀಗರು ಬರ್ತಾರೆ, ಸಾಮಾನು ಹೋಗುತ್ತೆ. ಊರಿನೋರ ಮುಂದೆ ಮಾನ ತೆಗೀಬೇಡ. ಆ ಹುಡುಗೀರು ಏನು, ಹುಟ್ಟಿದ್ದೇ ತಣ್ಣೀರು ಕುಡ್ಕೊಂಡಾ?"

"ದೇವರ ಹೆಸರಿಗೆ ಬಿಟ್ಟಿದ್ದನ್ನ ರಿಹಾಬಳ ಹೆಸರಿಗೆ ಬರೆದು ರುಜು ಹಾಕ್ತಾನಾ ಇವನು?"

"ಅಮ್ಮಾ," ಎಂದ ಹುಸಾಮ್, ಈಗ ದನಿ ತಗ್ಗಿತ್ತು. "ಫ್ರಿಜ್ಜಿಲ್ಲ ಅಂದ್ರೆ ಅವರಪ್ಪ ಹುಡುಗಿ ಕೊಡಲ್ಲ. ಮೂರು ವರ್ಷ ಕಾದಿದ್ದೀನಿ ಅಮ್ಮ."

ಆ ದಿನ ಆಕೆ ಯಾರಿಗೂ ಊಟ ಬಡಿಸಲಿಲ್ಲ.

ಗುರುವಾರ ಬೀಗರಿಗೆ ಅಡಿಗೆಯಾಗಬೇಕಿತ್ತು. ಮೊಲ ಬೇಯಿಸಿ, ಆ ಸಾರಿಗೆ ಕೊಚ್ಚಿದ ಮುಲೂಖಿಯ್ಯ ಸೊಪ್ಪು ಸುರಿದಳು. ಒಗ್ಗರಣೆಗೆ ಬೆಳ್ಳುಳ್ಳಿ, ಕೊತ್ತಂಬರಿ ಜಜ್ಜುತ್ತ ಕೂತಳು. ಜಜ್ಜುವಾಗ ಬಾಯಿ ಸುಮ್ಮನಿರಲಿಲ್ಲ.

"ಹೊಲಸು ಮನೆ ಇದು. ಮಸೀದಿ ಬಾಗಿಲಲ್ಲಿ ಚಪ್ಪಲಿ ಕದಿಯೋರು ವಾಸಿ, ಅವರು ಚಪ್ಪಲಿ ಅಂತಾದ್ರೂ ಒಪ್ಕೋತಾರೆ. ಕೈ ಇಟ್ಟಿದ್ದೆಲ್ಲ ಎಂಜಲು. ಒಬ್ಬರಿಗಾದ್ರೂ..."

ಹೊರಗಿನ ಮಂಚದಿಂದ ಅತ್ತೆಯ ದನಿ ಬಂತು: "ನೀನು ಕುಟ್ತಾ ಇರೋ ಕಲ್ಲು ಯಾರದ್ದೇ?"

ಕೈ ನಿಂತಿತು.

"ಕಣ್ಣು ಹೋಗಿದೆ, ಕಿವಿ ಹೋಗಿಲ್ಲ ನಂದು. ಜೂನಿಂದ ಕೇಳ್ತಾ ಇದ್ದೀನಿ ಆ ಸದ್ದು. ಹಿತ್ತಾಳೆ ಕುಟ್ಟಾಣಿ ಟಣ್ ಟಣ್ ಅನ್ನುತ್ತೆ. ಇದು ಗೊರ ಗೊರ ಅನ್ನುತ್ತೆ. ಎಲ್ಲರಿಗಿಂತ ಮೊದಲು ಮೇಲಿಂದ ಇಳಿದಿದ್ದು ನಿನ್ನ ಕಲ್ಲು. ನಾನು ದಿಂಬು ಕೇಳಿಯಾದ್ರೂ ತಗೊಂಡೆ. ನೀನು ಯಾರನ್ನ ಕೇಳ್ದೆ?"

"ಇದಕ್ಕೆ ಕಾಗದ ಇರ್ಲಿಲ್ಲ," ಎಂದಳು ಇನ್ಶಿರಾಹ್. ಹೇಳಿದ ಮೇಲೆ ಆ ಮಾತು ಹುಸಾಮನ ಬಾಯಿಂದ ಬಂದ ಹಾಗೆ ಕೇಳಿಸಿತು.

ಬೆಳ್ಳುಳ್ಳಿಯನ್ನು ಬಾಣಲೆಗೆ ಸುರಿದು, ಒರಳನ್ನು ನಲ್ಲಿಯಡಿ ಹಿಡಿದು, ಬೋರಲು ಹಾಕಿದಳು. ಎರಡು ತಿಂಗಳು ದಿನಾ ತೊಳೆದಿದ್ದಳು. ಒಮ್ಮೆಯೂ ತಳ ನೋಡಿರಲಿಲ್ಲ. ಕಲ್ಲಿಗೆ ಕಾಗದ ಅಂಟುವುದಿಲ್ಲವೆಂದು ಆ ಹುಡುಗಿ ಉಗುರಿಗೆ ಹಚ್ಚುವ ಕೆಂಪು ಬಣ್ಣದಿಂದ ಅಲ್ಲಿ ಬರೆದಿದ್ದಳು. ವ, ಕ, ಫ. ಕಲ್ಲು ನಿಂತುಹೋಗುವ ಸಾಮಾನಲ್ಲ. ಅಲ್ಲಿ ಬೇರೆ ಓದು ಇರಲಿಲ್ಲ.

ಬಾಣಲೆಯಲ್ಲಿ ಬೆಳ್ಳುಳ್ಳಿ ಕಪ್ಪಾಗಿ ಹೊಗೆ ಎದ್ದಿತು. ಆ ಒಗ್ಗರಣೆಯನ್ನು ಹಾಗೇ ಸಾರಿಗೆ ಸುರಿದಳು. ಮುಲೂಖಿಯ್ಯಗೆ ಒಗ್ಗರಣೆ ಬೀಳುವಾಗ ಮಾಡಿದವಳು ಹಾ ಎಂದು ಉಸಿರೆಳೆಯಬೇಕು, ಇಲ್ಲದಿದ್ದರೆ ರುಚಿ ಹತ್ತದು ಎನ್ನುತ್ತಾರೆ. ಆಕೆಗೆ ಉಸಿರು ಒಳಗೆ ಹೋಗಲಿಲ್ಲ.

ಮಧ್ಯಾಹ್ನ ಡೋಲು ಬಡಿಯುತ್ತ, ಹಾರನ್ ಊದುತ್ತ ಟೆಂಪೊ ಬಂತು. ರಿಹಾಬಳ ಅಪ್ಪ, ಇಬ್ಬರು ಅಣ್ಣಂದಿರು, ಹೆಂಗಸರ ಗುಂಪು. ಊಟಕ್ಕೆ ಕೂತರು. ಸಾರು ಕಹಿಯಾಗಿತ್ತು, ಬೀಗರಾದ್ದರಿಂದ ಹೊಗಳಿದರು. ಕೈ ತೊಳೆದು ಹುಸಾಮನ ಗೆಳೆಯರು ರಿಬ್ಬನ್ನಿನ ಫ್ರಿಜ್ಜಿಗೆ ಹಗ್ಗ ಹಾಕಿದರು.

"ಅದು ಬೇಡ," ಎಂದಳು ಇನ್ಶಿರಾಹ್, ಅಡಿಗೆಮನೆಯ ಬಾಗಿಲಲ್ಲಿ ನಿಂತು. "ಇಲ್ಲಿ ಬನ್ನಿ. ಇದನ್ನ ಎತ್ತಿ."

ಆಕೆಯ ಫ್ರಿಜ್ಜು ಖಾಲಿಯಾಗಿ, ಒರೆಸಿಕೊಂಡು, ಪ್ಲಗ್ಗು ಕಿತ್ತು ನಿಂತಿತ್ತು. ಒಳಗಿದ್ದ ಚೀಸು, ಬೆಂಡೆಕಾಯಿ ಪಲ್ಯ, ಮುದುಕಿಯ ಕಣ್ಣಿನ ಹನಿ ಎಲ್ಲ ಮೇಜಿನ ಮೇಲೆ ಬೆವರುತ್ತಿತ್ತು.

"ಹುಸಾಮನಮ್ಮ! ತಲೆ ಕೆಟ್ಟಿದ್ಯಾ?" ಅಬ್ದ್ರಬ್ಬೊ ಪಿಸುಗುಟ್ಟಿದ. "ಇದು ನಮ್ಮ ಫ್ರಿಜ್ಜು!"

"ಅದಕ್ಕೇ ಕೊಡ್ತಿದ್ದೀನಿ. ನಮ್ಮದು ಇದೊಂದೇ."

ರಿಹಾಬಳ ಅಪ್ಪ ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿದ. "ಏನಮ್ಮ ಬೀಗಿತ್ತಿ, ರಿಬ್ಬನ್ನು ಕಟ್ಟಿರೋದು ಅದಕ್ಕೆ, ಹಗ್ಗ ಹಾಕೋದು ಇದಕ್ಕೆ?"

"ಅಣ್ಣಾ, ಅದು ಮೇಲಿನ ಹುಡುಗೀರದ್ದು. ದೇವರ ಹೆಸರಿಗೆ ಬಿಟ್ಟಿದ್ದು. ನನ್ನ ಗಂಡ, ಮಗ ಓದೋದ್ರಲ್ಲಿ ತಪ್ಪು ಮಾಡಿದ್ರು. ಇದು ಹತ್ತು ವರ್ಷದ್ದು, ಆದ್ರೆ ಅದಕ್ಕಿಂತ ದೊಡ್ಡದು, ನನ್ನದು. ಬೇಕಾದ್ರೆ ಪಟ್ಟೀಲಿ ಬರ್ಕೊಳ್ಳಿ. ಬೇಡ ಅಂದ್ರೆ ಈಗ್ಲೇ ಹೇಳಿ."

ಡೋಲಿನವನೂ ಕೈ ನಿಲ್ಲಿಸಿದ. ಹುಸಾಮ್ ನೆಲ ನೋಡುತ್ತಿದ್ದ, ಕಿವಿ ಕೆಂಪಗಾಗಿತ್ತು. ರಿಹಾಬಳ ಅಪ್ಪ ಗಲ್ಲ ಕೆರೆದುಕೊಂಡ. ಅಬ್ದ್ರಬ್ಬೊನನ್ನು ಮೇಲಿಂದ ಕೆಳಗೆ ನೋಡಿ, "ಇದನ್ನೇ ಎತ್ರೋ," ಎಂದು ತನ್ನ ಮಕ್ಕಳಿಗೆ ಹೇಳಿದ. ಹೊಸಿಲು ದಾಟುವಾಗ ಹೆಂಡತಿಯ ಕಿವಿಯಲ್ಲಿ ಅಂದದ್ದು ಎಲ್ಲರಿಗೂ ಕೇಳಿಸಿತು: "ಹುಡುಗಿ ಅತ್ತೆ ಪರವಾಗಿಲ್ಲ. ಉಳಿದೋರ ಮುಂದೆ ಚಮಚ ಎಣಿಸಿಡೋಕೆ ಹೇಳು ಮಗಳಿಗೆ."

ಟೆಂಪೊ ಹೋದಮೇಲೆ ರಿಬ್ಬನ್ನಿನ ಫ್ರಿಜ್ಜನ್ನು ಹುಸಾಮ್, ಅವನಪ್ಪ ಮತ್ತೆ ಮೂರನೇ ಅಂತಸ್ತಿಗೆ ಹೊರಬೇಕಾಯಿತು. ಹಿಂದೆ ಅಬೀರ್ ಫ್ಯಾನು ಹಿಡಿದು, ಇಸ್ತ್ರಿಪೆಟ್ಟಿಗೆ ಹಿಡಿದು. ಅತ್ತೆಯ ತಲೆಯಡಿಯಿಂದ ಇನ್ಶಿರಾಹ್ ದಿಂಬನ್ನೂ ಎಳೆದಳು. ಕೊನೆಗೆ ತಾನು ಒರಳು ಹೊತ್ತು ಹತ್ತಿದಳು.

ಸೆಪ್ಟೆಂಬರ್ ಮೊದಲ ವಾರ ನಾಲ್ವರು ಹೊಸ ಹುಡುಗಿಯರು ಬಂದರು. ದಣಿದ ಪುಟ್ಟ ಮುಖಗಳು. ರಹಾಯು ಎಂಬವಳು ಒರಳನ್ನು ಕಂಡದ್ದೇ ತಬ್ಬಿಕೊಂಡು ಅತ್ತುಬಿಟ್ಟಳು. ಅದು ಅವರ ಊರಿನ ಕಡೆಯ ಒರಳಂತೆ. "ಮಾನ್ಯ ಖಾಲಾ, ತಮ್ಮ ಉಪಕಾರವನ್ನು ಮರೆಯಲಾರೆವು," ಎಂದಳು. ಇನ್ಶಿರಾಹಳಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಕೆಳಗೆ ಸೆಖೆ ಕುದಿಯುತ್ತಿತ್ತು. ಕುಡಿಯಲು ಮಣ್ಣಿನ ಹೂಜಿಯ ನೀರು. ಹಾಲು ಮಧ್ಯಾಹ್ನಕ್ಕೇ ಒಡೆಯುತ್ತಿತ್ತು. ಹೊಸ ಫ್ರಿಜ್ಜಿಗೆ ಹಣವಿರಲಿಲ್ಲ. ಎರಡು ದಿನ ಅಬ್ದ್ರಬ್ಬೊ ಶಪಿಸಿದ, ಆಮೇಲೆ ಸುಮ್ಮನಾದ. ಆಮೇಲೆ ತಣ್ಣೀರಿನ ಬಾಟಲಿ ಅವನ ಕೈಯಲ್ಲಿ ಕಾಣತೊಡಗಿತು. "ಅಂಗಡೀಲಿ ಕೊಟ್ಟ," ಎನ್ನುತ್ತಿದ್ದ. ಅತ್ತೆಯ ಹನಿಯನ್ನು 'ಔಷಧಿ ಅಂಗಡಿಯಲ್ಲಿಟ್ಟಿದ್ದೀನಿ' ಎಂದು ಅಬೀರ್ ಹೇಳಿದ್ದಳು.

ಹತ್ತನೇ ದಿನ ರಹಾಯು ಕೆಳಗಿಳಿದು ಬಾಗಿಲಲ್ಲಿ ನಿಂತಳು.

"ಖಾಲಾ, ಕ್ಷಮಿಸಬೇಕು. ಮಾನ್ಯ ಅಬ್ದ್ರಬ್ಬೊ ಅವರ ಕಲ್ಲಂಗಡಿಯು ಅತ್ಯಂತ ಬೃಹತ್ತಾಗಿದೆ. ನಮ್ಮ ಆಹಾರಕ್ಕೆ ಸ್ಥಳಾವಕಾಶ ಉಳಿದಿಲ್ಲ."

ಇನ್ಶಿರಾಹ್ ಮೇಲೆ ಹೋಗಿ ಫ್ರಿಜ್ಜಿನ ಬಾಗಿಲು ತೆರೆದಳು. ಮಧ್ಯದ ಹಲಗೆ ತೆಗೆದು ಅರ್ಧ ಕಲ್ಲಂಗಡಿ ಕೂರಿಸಿದ್ದರು. ಅದರ ಮೇಲೆ ಮುಚ್ಚಳವಿಲ್ಲದ ಬದನೆಕಾಯಿ ಪಲ್ಯ, ಚೀಸಿನ ಡಬ್ಬಿ, ಅಬೀರಳ ಮುಖದ ಕೆನೆ, ಏಳು ಬಾಟಲಿ ನೀರು. ಕಲ್ಲಂಗಡಿಯ ರಸ ಸೋರಿ ಕೆಳಗಿದ್ದ ಹುಡುಗಿಯರ ಅನ್ನದ ಮೇಲೆ ತೊಟ್ಟಿಕ್ಕುತ್ತಿತ್ತು. ಹುಳಿ ನಾತ ಹೊಡೆಯಿತು.

"ಇವರನ್ನ ಒಳಗೆ ಬಿಟ್ಟಿದ್ದು ಯಾರಮ್ಮ?"

"ಬಾಗಿಲು ತಟ್ಟಿದರು. 'ಇದು ವಕ್ಫ್ ಅಲ್ಲವೇ, ಎಲ್ಲರಿಗೂ ಸೇರಿದ್ದು' ಎಂದು ಹೇಳಿದರು."

"ಓ! ಈಗ ಸರಿಯಾಗಿ ಓದೋಕೆ ಬಂತಾ ಅವರಿಗೆ!"

ಒಂದೊಂದನ್ನೇ ತೆಗೆದು ಮೆಟ್ಟಿಲ ಮೇಲಿಟ್ಟಳು. ಹಲಗೆ ಸೇರಿಸಿ, ಒಳಗೆಲ್ಲ ವಿನೆಗರ್ ಹಾಕಿ ಒರೆಸಿದಳು. ಕೊನೆಗೆ ಬಾಗಿಲಿನ ಮೂಲೆಯಲ್ಲಿ ಕೈಗೆ ಸಿಕ್ಕಿದ್ದು ಅತ್ತೆಯ ಕಣ್ಣಿನ ಹನಿ. ಕಿರುಬೆರಳಿನಷ್ಟು ಬಾಟಲಿ. ಅದನ್ನೂ ಮೆಟ್ಟಿಲಿಗೆ ಒಯ್ಯಲು ಎರಡು ಹೆಜ್ಜೆ ಇಟ್ಟಳು, ನಿಂತಳು.

"ರಹಾಯು."

"ಹೇಳಿ, ಖಾಲಾ."

"ಇದು ನಮ್ಮತ್ತೆ ಔಷಧಿ. ಬಿಸಿಗೆ ಕೆಡುತ್ತೆ. ನಿಮ್ಮ ಫ್ರಿಜ್ಜಲ್ಲಿ ಇಡ್ಬಹುದಾ? ಆಗಲ್ಲ ಅಂದ್ರೆ ಆಗಲ್ಲ ಅನ್ನು, ಬೇಜಾರಿಲ್ಲ."

ಹುಡುಗಿ ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೇಲಿನ ಗೂಡಿನಲ್ಲಿಟ್ಟಳು. "ದಿನವೂ ಎಷ್ಟು ಗಂಟೆಗೆ ಬೇಕು? ನಾನೇ ತಂದು ಹಾಕುವೆನು."

ಇನ್ಶಿರಾಹ್ ಕಲ್ಲಂಗಡಿಯನ್ನು ಕಂಕುಳಿಗೇರಿಸಿಕೊಂಡು ಕೆಳಗಿಳಿದಳು. ಅಬ್ದ್ರಬ್ಬೊ ಬನಿಯನ್ನಿನಲ್ಲಿ ಕೂತಿದ್ದ. ಅವನ ಮುಂದೆ ಅದನ್ನು ಧೊಪ್ಪನೆ ಇಟ್ಟಳು.

"ಈಗ್ಲೇ ತಿಂದು ಮುಗಿಸಿ. ಪೂರ್ತಿ."

"ಬೆಚ್ಚಗಾಗಿಹೋಗುತ್ತಲ್ಲೇ..."

"ಆಗ್ಲಿ," ಎಂದಳು. ಚಾಕು ತಂದು ಕೊಟ್ಟು, ಎದುರಿಗೇ ಕುರ್ಚಿ ಎಳೆದುಕೊಂಡು ಕೂತಳು.